ಬೈಕಿಗೆ ಯಾವ ಮಿನರಲ್ ಆಯಿಲ್? ಡಬ್ಬಿಯ ಹಿಂಬದಿ ಓದಿ, ಆಮೇಲೆ ರೇಟು ನೋಡಿ

ಕ್ಯಾಸ್ಟ್ರಾಲ್ ಆಕ್ಟಿವ್, ಸರ್ವೋ 4ಟಿ, ಎಚ್‌ಪಿ ರೇಸರ್, ಮ್ಯಾಕ್ 4ಟಿ, ಗಲ್ಫ್ ಪ್ರೈಡ್, ಶೆಲ್ ಅಡ್ವಾನ್ಸ್ ಎಎಕ್ಸ್5, ವೀಡಾಲ್ ಟೇಕ್ ಆಫ್. ಕಚ್ಚಾ ತೈಲ ಶುದ್ಧೀಕರಿಸಿ ಮಾಡುವ ಮಿನರಲ್ ಎಂಜಿನ್ ಆಯಿಲ್ ಕೊಳ್ಳಲು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನಿಂತು ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ ಅಂಗಡಿಯವರು ತಮಗೆ ಹೆಚ್ಚು ಮಾರ್ಜಿನ್ ಇರುವುದನ್ನೇ ಎತ್ತಿ ಕೊಡುವುದುಂಟು. ನಮ್ಮ ಉತ್ತರ ಹೀಗಿದೆ: ದಪ್ಪದ ಗ್ರೇಡ್, ಎಪಿಐ ದರ್ಜೆ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುಣಮಟ್ಟದ ಅಕ್ಷರ), ಜಾಸೋ ದರ್ಜೆ (ಕ್ಲಚ್ಚಿಗೆ ಹೊಂದುತ್ತದೆಯೇ ಎಂದು ಹೇಳುವ ಜಪಾನಿನ ಗುರುತು) ಈ ಮೂರೂ ಒಂದೇ ಆಗಿದ್ದು ಡಬ್ಬಿ ಅಸಲಿಯಾಗಿದ್ದರೆ, ದಿನಾ ಆಫೀಸಿಗೆ ಓಡಿಸುವ 100ರಿಂದ 150 ಸಿಸಿ ಗಾಡಿಯಲ್ಲಿ ಬ್ರ್ಯಾಂಡಿನಿಂದ ಆಗುವ ವ್ಯತ್ಯಾಸ ತೀರಾ ಕಡಿಮೆ. ಎಂಜಿನ್ ಕೆಡುವುದು ಈ ಮೂರರಲ್ಲಿ ಒಂದು ತಪ್ಪಿದಾಗ, ಆಯಿಲ್ ನಕಲಿಯಾದಾಗ, ಇಲ್ಲವೇ ಮಟ್ಟ ಇಳಿದದ್ದನ್ನು ಯಾರೂ ನೋಡದಿದ್ದಾಗ.

ಮೊದಲು ದಪ್ಪ. 20ಡಬ್ಲ್ಯು-40 ಎಂದು ಬರೆದಿದ್ದರೆ ಎರಡನೆಯ ಅಂಕಿ ಬಿಸಿ ಎಂಜಿನ್ನಿನದು. 100 ಡಿಗ್ರಿಯಲ್ಲಿ ಆ ಆಯಿಲಿನ ಸ್ನಿಗ್ಧತೆ, ಅಂದರೆ ದಪ್ಪದ ಅಳತೆ, 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗಿರಬೇಕು. ಈ ವ್ಯಾಪ್ತಿ ಇಷ್ಟು ಅಗಲವಾಗಿರುವುದರಿಂದಲೇ ಎರಡು ಕಂಪನಿಗಳ 20ಡಬ್ಲ್ಯು-40 ಹಾಕಿದಾಗ ಗಾಡಿಯ ಸದ್ದು, ಗೇರ್ ಬೀಳುವ ರೀತಿ ಸ್ವಲ್ಪ ಬೇರೆ ಅನಿಸುತ್ತದೆ. ಅದು ಗುಣಮಟ್ಟದ ಲಕ್ಷಣವಲ್ಲ, ಒಂದು 13ರ ಹತ್ತಿರ, ಇನ್ನೊಂದು 16ರ ಹತ್ತಿರ ಇರಬಹುದು ಅಷ್ಟೇ. ಡಬ್ಲ್ಯು ಮುಂದಿನ ಅಂಕಿ ಚಳಿಯಲ್ಲಿ ಸ್ಟಾರ್ಟ್ ಆಗುವುದಕ್ಕೆ ಸಂಬಂಧಿಸಿದ್ದು. 20ಡಬ್ಲ್ಯು ಆಯಿಲನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. ಮಡಿಕೇರಿಯ ಡಿಸೆಂಬರ್ ಬೆಳಗ್ಗೆಗೂ ಅಷ್ಟು ಸಾಕು, ರಾಯಚೂರಿಗಂತೂ ಕೇಳುವುದೇ ಬೇಡ.

ಹಾಗೆಂದು ಕಂಪನಿ 10ಡಬ್ಲ್ಯು-30 ಹೇಳಿರುವ ಗಾಡಿಗೆ ಬಿಸಿಲು ಜಾಸ್ತಿ ಎಂಬ ಕಾರಣಕ್ಕೆ 20ಡಬ್ಲ್ಯು-50 ಸುರಿಯಬೇಡಿ. ಹೀರೋ, ಹೋಂಡಾ ಗಾಡಿಗಳಲ್ಲಿ 10ಡಬ್ಲ್ಯು-30 ಸಾಮಾನ್ಯ. ಆಯಿಲ್ ಪಂಪ್, ಬೇರಿಂಗ್ ಸಂದುಗಳೆಲ್ಲ ಆ ಲೆಕ್ಕದಲ್ಲೇ ಇರುತ್ತವೆ. ದಪ್ಪ ಆಯಿಲ್ ಹಾಕಿದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಮೇಲ್ಭಾಗದಲ್ಲಿ ವಾಲ್ವ್ ತೆರೆಸುವ ಕ್ಯಾಮ್‌ಗೆ ಆಯಿಲ್ ತಲುಪುವುದು ತಡ, ಮೈಲೇಜೂ ಇಳಿಯುತ್ತದೆ. ಎಂಜಿನ್ ಸದ್ದು ಕಡಿಮೆಯಾಗುವುದನ್ನು ನೋಡಿ ಮೋಸ ಹೋಗುವವರೇ ಹೆಚ್ಚು.

ಎರಡನೆಯದು ಎಪಿಐ. ಎಸ್ ಅಕ್ಷರದ ಪಕ್ಕದ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ದರ್ಜೆ ಹೊಸದು: ಎಸ್‌ಎಲ್ 2001ರದು, ಎಸ್‌ಎನ್ 2010ರದು, ಎಸ್‌ಪಿ 2020ರದು. ಎಸ್‌ಎಫ್, ಎಸ್‌ಜಿ ಎಂದಷ್ಟೇ ಬರೆದಿರುವ ಅಗ್ಗದ ಡಬ್ಬಿ ಕಂಡರೆ ಬಿಟ್ಟುಬಿಡಿ, ಅವು 1980ರ ದಶಕದ ದರ್ಜೆಗಳು. ಬಿಎಸ್6 ಗಾಡಿಯವರು ಮ್ಯಾನ್ಯುಯಲ್ ಕೇಳುವ ಅಕ್ಷರಕ್ಕಿಂತ ಕೆಳಗಿಳಿಯಲೇಬಾರದು.

ಮೂರನೆಯ ವಿಷಯದಲ್ಲೇ ದುಬಾರಿ ತಪ್ಪು ಆಗುವುದು. ಬೈಕಿನಲ್ಲಿ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಪ್ಲೇಟ್ ಎಲ್ಲವೂ ಒಂದೇ ಆಯಿಲಿನಲ್ಲಿ ಮುಳುಗಿರುತ್ತವೆ. ಕಾರಿನ ಆಯಿಲಿನಲ್ಲಿ ಇಂಧನ ಉಳಿಸಲೆಂದು ಘರ್ಷಣೆ ಕಡಿಮೆ ಮಾಡುವ ಅಂಶ ಸೇರಿಸಿರುತ್ತಾರೆ. ಅದು ಬೈಕಿಗೆ ಹೋದರೆ ಕ್ಲಚ್ ಜಾರುತ್ತದೆ, ಎಂಜಿನ್ ಮೊರೆಯುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಕೊನೆಗೆ ಪ್ಲೇಟುಗಳು ಸುಡುತ್ತವೆ. ಇದಕ್ಕೆಂದೇ ಜಪಾನಿನವರು ಜಾಸೋ ದರ್ಜೆ ಮಾಡಿದ್ದು. ಬೈಕಿಗೆ ಎಂಎ ಅಥವಾ ಎಂಎ2, ಆಕ್ಟಿವಾ ತರಹದ ಗೇರಿಲ್ಲದ ಸ್ಕೂಟರಿಗೆ ಎಂಬಿ. ಸ್ಕೂಟರಿನ ಕ್ಲಚ್ ಒಣದು, ಆಯಿಲಿಗೆ ತಾಗುವುದೇ ಇಲ್ಲ. ಹಾಗಾಗಿ ತುರ್ತಿಗೆ ಸ್ಕೂಟರಿಗೆ ಅದೇ ಗ್ರೇಡಿನ ಎಂಎ ಹಾಕಿದರೆ ನಷ್ಟವಿಲ್ಲ. ಬೈಕಿಗೆ ಮಾತ್ರ ಎಂಬಿ ಹಾಕಲೇಬಾರದು.

ಡಬ್ಬಿಯ ಮೇಲೆ ಇನ್ನೊಂದು ಸೂಕ್ಷ್ಮವಿದೆ. ಜಾಸೋದಲ್ಲಿ ನೋಂದಾಯಿಸಿದ ಆಯಿಲಿಗೆ ಸಣ್ಣ ಚೌಕದ ಗುರುತು ಇರುತ್ತದೆ, ಮೇಲೆ ನೋಂದಣಿ ಸಂಖ್ಯೆ, ಕೆಳಗೆ ಎಂಎ2. ಚೌಕವಿಲ್ಲದೆ ಬರೀ ಸಾಲಿನಲ್ಲಿ ‘ಜಾಸೋ ಎಂಎ2ಗೆ ಸರಿಹೊಂದುತ್ತದೆ’ ಎಂದಿದ್ದರೆ ಅದು ಕಂಪನಿಯ ಸ್ವಂತ ಮಾತು. ದೊಡ್ಡ ಕಂಪನಿಯದಾದರೆ ನಂಬಬಹುದು, ಹೆಸರೇ ಕೇಳಿರದ ಡಬ್ಬಿಯ ಮೇಲಿದ್ದರೆ ಬೇಡ.

ಈಗ ದುಡ್ಡಿನ ವಿಷಯ. ಡಬ್ಬಿಗಳು 800 ಮಿ.ಲೀ., 900 ಮಿ.ಲೀ., 1 ಲೀಟರ್, 1.2 ಲೀಟರ್ ಹೀಗೆ ಬರುತ್ತವೆ. 340 ರೂಪಾಯಿಯ 800 ಮಿ.ಲೀ. ಡಬ್ಬಿ ಅಗ್ಗವಾಗಿ ಕಾಣುತ್ತದೆ, ಆದರೆ ಲೀಟರಿಗೆ 425 ಬಿತ್ತು. ಪಕ್ಕದಲ್ಲಿ 400 ರೂಪಾಯಿಯ 1 ಲೀಟರ್ ಡಬ್ಬಿ ಇದ್ದರೆ ಅದೇ ಅಗ್ಗ. ಆದರೆ ಗಾಡಿಗೆ 800 ಮಿ.ಲೀ.ಯೇ ಸಾಕಾದರೆ, ಉಳಿದ 200 ಮಿ.ಲೀ. ಟಾಪ್‌ಅಪ್‌ಗೆ ಮನೆಯಲ್ಲಿ ಇಟ್ಟುಕೊಂಡಾಗ ಮಾತ್ರ ಆ ಲಾಭ. ಗ್ಯಾರೇಜಿನಲ್ಲೇ ಬಿಟ್ಟು ಬಂದರೆ ಇಲ್ಲ.

ಬ್ರ್ಯಾಂಡುಗಳ ನಡುವೆ ಲೀಟರಿಗೆ 40 ರೂಪಾಯಿ ವ್ಯತ್ಯಾಸ ಇದೆ ಅನ್ನಿ. 900 ಮಿ.ಲೀ. ಹಿಡಿಯುವ ಗಾಡಿ, 3,000 ಕಿ.ಮೀ.ಗೆ ಒಮ್ಮೆ ಬದಲಾವಣೆ, ವರ್ಷಕ್ಕೆ 12,000 ಕಿ.ಮೀ. ಓಟ: ಒಟ್ಟು ವ್ಯತ್ಯಾಸ 144 ರೂಪಾಯಿ. ಒಂದೂವರೆ ಲೀಟರ್ ಪೆಟ್ರೋಲಿಗೂ ಸಾಲದ ಈ ಮೊತ್ತಕ್ಕಾಗಿ ಗುರುತಿಲ್ಲದ ಡಬ್ಬಿ ಕೊಳ್ಳುವುದು ಬೇಡ. ಮಿನರಲ್ ಜೊತೆ ಕೃತಕವಾಗಿ ತಯಾರಿಸಿದ ಆಯಿಲ್ ಬೆರೆಸಿದ ಸೆಮಿ ಸಿಂಥೆಟಿಕ್ ಲೆಕ್ಕವನ್ನೂ ಹೀಗೇ ಹಾಕಿ. ಲೀಟರಿಗೆ 400ರ ಮಿನರಲ್ 3,000 ಕಿ.ಮೀ.ಗೆ, 550ರ ಸೆಮಿ ಸಿಂಥೆಟಿಕ್ 4,000 ಕಿ.ಮೀ.ಗೆ ಬದಲಿಸಿದರೆ ವರ್ಷಕ್ಕೆ 1,440 ಮತ್ತು 1,485. ವ್ಯತ್ಯಾಸ 45 ರೂಪಾಯಿ. ಟ್ರಾಫಿಕ್ಕಿನಲ್ಲಿ ಎಂಜಿನ್ ಕಾಯಿಸುತ್ತಾ ಓಡಾಡುವವರಿಗೆ ಸೆಮಿ ಸಿಂಥೆಟಿಕ್ ಒಳ್ಳೆಯದೆನ್ನಲು ಇದೇ ಕಾರಣ. ಹಳ್ಳಿ ರಸ್ತೆಯಲ್ಲಿ ನಿಧಾನಕ್ಕೆ ಓಡುವ ಗಾಡಿಗೆ ಮಿನರಲ್ ಧಾರಾಳ ಸಾಕು.

ಸರ್ವೋ ಇಂಡಿಯನ್ ಆಯಿಲ್‌ನದು, ಮ್ಯಾಕ್ ಭಾರತ್ ಪೆಟ್ರೋಲಿಯಂನದು, ಎಚ್‌ಪಿ ರೇಸರ್ ಹಿಂದೂಸ್ತಾನ್ ಪೆಟ್ರೋಲಿಯಂನದು. ಇವನ್ನು ಆಯಾ ಬಂಕಿನಲ್ಲೇ ಕೊಳ್ಳಬಹುದು, ಮಿನರಲ್ ಆಯಿಲಿಗೆ ನಾವು ಮೊದಲು ಸೂಚಿಸುವುದು ಇವನ್ನೇ. ನಕಲಿಯ ಭಯ ಕಡಿಮೆ. ಹೆಚ್ಚು ಹೆಸರಿರುವ ಬ್ರ್ಯಾಂಡುಗಳನ್ನೇ ನಕಲು ಮಾಡುವುದು ಜಾಸ್ತಿ, ಆದ್ದರಿಂದ ಅವನ್ನು ಅಧಿಕೃತ ಡೀಲರ್ ಬಳಿಯೇ ತೆಗೆದುಕೊಳ್ಳಿ. ಮುಚ್ಚಳದ ಉಂಗುರ ಮೊದಲೇ ಕಿತ್ತಿರಬಾರದು, ಒಳಗಿನ ಫಾಯಿಲ್ ಸೀಲ್ ಸಮನಾಗಿ ಅಂಟಿರಬೇಕು, ಬ್ಯಾಚ್ ನಂಬರ್ ಉಜ್ಜಿದರೆ ಅಳಿಸಬಾರದು. ಎಂಆರ್‌ಪಿಗಿಂತ ಮೂರನೇ ಒಂದು ಪಾಲು ಕಡಿಮೆಗೆ ಕೊಡುತ್ತೇನೆಂದರೆ ಬೇಡವೆನ್ನಿ. ಬೈಕ್ ಕಂಪನಿಯ ಹೆಸರಿನ ಆಯಿಲನ್ನೂ ಯಾವುದಾದರೂ ಆಯಿಲ್ ಕಂಪನಿಯೇ ಮಾಡಿಕೊಡುವುದು, ತಯಾರಕರ ಹೆಸರು ಹಿಂಬದಿಯಲ್ಲಿ ಇರುತ್ತದೆ. ಗ್ಯಾರೇಜಿನ ಡ್ರಮ್ಮಿನ ಲೂಸ್ ಆಯಿಲ್ ಮಾತ್ರ ಯಾವ ಕಾರಣಕ್ಕೂ ಬೇಡ, ಅದು ಯಾವ ಗ್ರೇಡ್ ಎಂದು ತಿಳಿಯುವ ದಾರಿಯೇ ಇಲ್ಲ.

ಹಾಕಿದ ಮೇಲೆ ಹೇಗೆ ಅಳೆಯುವುದು? ಬಣ್ಣ ನೋಡಬೇಡಿ. 500 ಕಿ.ಮೀ.ಗೇ ಕಪ್ಪಾದರೆ ಆಯಿಲ್ ಕೊಳೆ ತೊಳೆಯುತ್ತಿದೆ ಎಂದರ್ಥ. ಗೇರ್ ಗಮನಿಸಿ. ಗೇರಿನ ಹಲ್ಲುಗಳು ಆಯಿಲಿನ ದಪ್ಪ ಕಾಯುವ ಪಾಲಿಮರ್ ಸರಪಳಿಗಳನ್ನು ಕತ್ತರಿಸುತ್ತಾ ಹೋದಂತೆ ಆಯಿಲ್ ತೆಳುವಾಗುತ್ತದೆ, ನ್ಯೂಟ್ರಲ್ ಸಿಗುವುದು ಕಷ್ಟವಾಗುತ್ತದೆ. ಅದೇ ಗಾಡಿ, ಅದೇ ದಾರಿಯಲ್ಲಿ ಒಂದು ಬ್ರ್ಯಾಂಡಿಗೆ ಇದು 1,500 ಕಿ.ಮೀ.ಗೆ ಶುರುವಾಗಿ ಇನ್ನೊಂದಕ್ಕೆ 2,500ಕ್ಕೆ ಶುರುವಾದರೆ ಎರಡನೆಯದೇ ಮೇಲು. ಮಲೆನಾಡಿನ ಮಳೆಗಾಲದಲ್ಲಿ ಬರೀ ಒಂದೆರಡು ಕಿ.ಮೀ. ಓಡಿಸಿ ನಿಲ್ಲಿಸುವ ಗಾಡಿಯಲ್ಲಿ ಮುಚ್ಚಳದ ಕೆಳಗೆ ಹಾಲಿನಂಥ ನೊರೆ ಕಟ್ಟಬಹುದು. ಅದು ಹಬೆಯ ನೀರು, ಬ್ರ್ಯಾಂಡಿನ ತಪ್ಪಲ್ಲ. ಅರ್ಧ ಗಂಟೆ ಚೆನ್ನಾಗಿ ಓಡಿಸಿದರೆ ಹೋಗುತ್ತದೆ. ಹೋಗದಿದ್ದರೆ ಆಯಿಲ್ ಬದಲಿಸಿ.

ಮಟ್ಟ ನೋಡುವಾಗ ಗಾಡಿ ಸೆಂಟರ್ ಸ್ಟ್ಯಾಂಡಿನಲ್ಲಿರಲಿ. ಮೂರು ನಿಮಿಷ ಐಡಲ್‌ನಲ್ಲಿ ಬಿಟ್ಟು, ಆಫ್ ಮಾಡಿ, ಎರಡು ಮೂರು ನಿಮಿಷ ಕಾಯಿರಿ. ಸ್ಪ್ಲೆಂಡರ್, ಆಕ್ಟಿವಾದಂಥ ಗಾಡಿಗಳಲ್ಲಿ ಡಿಪ್‌ಸ್ಟಿಕ್ ಒರೆಸಿ ತಿರುಗಿಸದೆ ಸುಮ್ಮನೆ ಇಳಿಸಿ ನೋಡಬೇಕು, ತಿರುಗಿಸಿದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಬದಲಿಸುವಾಗ ಡ್ರೇನ್ ಬೋಲ್ಟಿನ ಅಲ್ಯೂಮಿನಿಯಂ ವಾಷರ್ ಹೊಸದಿರಲಿ, ಬೋಲ್ಟನ್ನು ಉದ್ದದ ಪಾನಾ ಹಾಕಿ ಜಗ್ಗಬೇಡಿ, ಕೇಸಿನ ಥ್ರೆಡ್ ಕಿತ್ತರೆ ಅದರ ರಿಪೇರಿಗೆ ಹಲವು ಡಬ್ಬಿ ಆಯಿಲಿನ ದುಡ್ಡು ಹೋಗುತ್ತದೆ. ಹಳೆಯ ಆಯಿಲನ್ನು ಚರಂಡಿಗೆ ಸುರಿಯದೆ ಗ್ಯಾರೇಜಿಗೆ ಕೊಡಿ. ಖಾಲಿ ಡಬ್ಬಿಯನ್ನು ಮಾತ್ರ ಹಾಗೇ ಬಿಟ್ಟು ಬರಬೇಡಿ, ಕಾಯಿಸಿದ ಮೊಳೆಯಿಂದ ತಳಕ್ಕೆ ತೂತು ಮಾಡಿ ಬಿಸಾಡಿ. ನಕಲಿ ಆಯಿಲ್ ತುಂಬುವವರಿಗೆ ಬೇಕಾಗಿರುವುದು ಆ ಅಸಲಿ ಡಬ್ಬಿಯೇ.