ಮೇಲ್ ಹೊರಗೆ ಹೋಗುತ್ತಿಲ್ಲವೇ? ಪೋಸ್ಟ್‌ಫಿಕ್ಸ್‌ನಲ್ಲಿ ಇಲ್ಲಿಂದ ಹುಡುಕಿ

ಪೋಸ್ಟ್‌ಫಿಕ್ಸ್ ಎಂಬುದು ಸರ್ವರ್‌ನಿಂದ ಮೇಲ್ ಕಳಿಸುವ ತಂತ್ರಾಂಶ. ಮೇಲ್ ನಿಂತ ತಕ್ಷಣ ಅದರ ಸೆಟ್ಟಿಂಗ್ ತಿದ್ದಲು ಹೋಗಬೇಡಿ, ಮೊದಲು ಲಾಗ್ (ಅದು ಬರೆದಿಡುವ ದಾಖಲೆ) ಓದಿ. ಮೇಲ್‌ಕ್ಯೂ (mailq) ಕಮಾಂಡ್ ಕೊಟ್ಟರೆ ಯಾವ ಮೇಲ್ ಏಕೆ ಕಾದಿದೆ ಎಂಬುದು ಅಲ್ಲೇ ಕಾಣುತ್ತದೆ. ಎದುರಿನ ಸರ್ವರ್ ಕೊಟ್ಟ ಕೋಡ್ 4ರಿಂದ ಶುರುವಾದರೆ ತಾತ್ಕಾಲಿಕ ತಡೆ. ಪೋಸ್ಟ್‌ಫಿಕ್ಸ್ ಸಾಮಾನ್ಯವಾಗಿ 5 ದಿನ ತಾನೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. 5ರಿಂದ ಶುರುವಾದರೆ ಖಡಾಖಂಡಿತ ನಿರಾಕರಣೆ, ಕಾದು ಫಲವಿಲ್ಲ.

ಯಾವ ವಿಳಾಸಕ್ಕೆ ಕಳಿಸಿದರೂ ‘ಕನೆಕ್ಷನ್ ಟೈಮ್ಡ್ ಔಟ್’ ಎಂದೇ ಬಂದರೆ ಸರ್ವರ್‌ಗಳು ಪರಸ್ಪರ ಮೇಲ್ ಕಳಿಸುವ ದಾರಿಯಾದ ಪೋರ್ಟ್ 25ರ ಮೇಲೆ ಅನುಮಾನಪಡಿ. ಸ್ಪ್ಯಾಮ್ ತಡೆಯಲು ಹಲವು ಕ್ಲೌಡ್ ಕಂಪನಿಗಳು ಅದನ್ನು ಮೊದಲೇ ಮುಚ್ಚಿರುತ್ತವೆ. ನಿಮ್ಮ ಸರ್ವರ್‌ನಿಂದಲೇ ಬೇರೆ ಮೇಲ್ ಸರ್ವರ್‌ಗಳ ಪೋರ್ಟ್ 25ಕ್ಕೆ ಟೆಲ್‌ನೆಟ್ (ಸಂಪರ್ಕ ಪರೀಕ್ಷಿಸಲು ಬಳಸುವ ಕಮಾಂಡ್) ಮಾಡಿ ನೋಡಿ. ಎಲ್ಲೂ ‘ಸಿದ್ಧ’ ಎನ್ನುವ 220 ಉತ್ತರ ಬರದಿದ್ದರೆ ಕ್ಲೌಡ್ ಕಂಪನಿಯಿಂದ ಪೋರ್ಟ್ ತೆರೆಸಿ, ಇಲ್ಲವೇ ಪೋರ್ಟ್ 587ರಲ್ಲಿ ರಿಲೇ ಸೇವೆಯ (ನಿಮ್ಮ ಪರವಾಗಿ ಮೇಲ್ ತಲುಪಿಸುವ ಸೇವೆ) ಮೂಲಕ ಕಳಿಸಿ.

ಸಂಪರ್ಕ ಸಿಕ್ಕಿಯೂ ಜಿಮೇಲ್ 550 ಎಂದು ನಿರಾಕರಿಸಿದರೆ ಡಿಎನ್‌ಎಸ್ (ಹೆಸರು ಮತ್ತು ಐಪಿ ವಿಳಾಸಗಳನ್ನು ಜೋಡಿಸುವ ವ್ಯವಸ್ಥೆ) ನೋಡಿ. ನಿಮ್ಮ ಸರ್ವರ್ ಐಪಿಯ ಪಿಟಿಆರ್ ದಾಖಲೆ (ಐಪಿಯಿಂದ ಹೆಸರು ಹೇಳುವ ದಾಖಲೆ) ತೋರಿಸುವ ಹೆಸರು ತಿರುಗಿ ಅದೇ ಐಪಿಗೆ ಬರಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಐಪಿವಿ4ಕ್ಕೆ ಪಿಟಿಆರ್ ಇರುತ್ತದೆ, ಮೇಲ್ ಮಾತ್ರ ಐಪಿವಿ6ರಲ್ಲಿ ಹೊರಡುತ್ತಿರುತ್ತದೆ. ಅದಕ್ಕೂ ಪಿಟಿಆರ್ ಹಾಕಿಸಿ. ಆಗದಿದ್ದರೆ ಪೋಸ್ಟ್‌ಫಿಕ್ಸ್ ಐಪಿವಿ4 ಮಾತ್ರ ಬಳಸುವಂತೆ ಮಾಡಿ. ನಿಮ್ಮ ಡೊಮೇನ್ ಪರವಾಗಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂದು ಹೇಳುವ ಎಸ್‌ಪಿಎಫ್ ದಾಖಲೆ ಒಂದೇ ಇರಲಿ, ಅದರೊಳಗಿನ ಡಿಎನ್‌ಎಸ್ ಹುಡುಕಾಟ 10 ಮೀರದಿರಲಿ.

ಸರಿಪಡಿಸಿದ ಮೇಲೆ ಇಡೀ ಕ್ಯೂವನ್ನು (ಕಾದಿರುವ ಮೇಲ್‌ಗಳ ಸಾಲು) ಒಮ್ಮೆಗೇ ತಳ್ಳಬೇಡಿ; ಒಂದು ಮೇಲ್ ಕಳಿಸಿ, ಲಾಗ್‌ನಲ್ಲಿ ‘ಸ್ವೀಕರಿಸಿದೆ’ ಎನ್ನುವ 250 ಕಂಡ ನಂತರ ಉಳಿದದ್ದನ್ನು ಬಿಡಿ.