ಕುಬಿಂಕಾಕ್ಕೆ ಹೋಗುವವರೇ, ಬಿಎಂಪಿಗಿಂತ ಮೊದಲು ಅದರ ಮುಂದೆ ಸೋತ ಗಾಡಿಗಳನ್ನು ನೋಡಿ

ನಮ್ಮ ಚಿಕ್ಕಪ್ಪ ಸೈನ್ಯದಲ್ಲಿ ಬಿಎಂಪಿ ಓಡಿಸುತ್ತಿದ್ದರು, ಅಂದರೆ ಸೈನಿಕರನ್ನು ಒಳಗೆ ಕೂರಿಸಿಕೊಂಡು ಟ್ಯಾಂಕಿನ ಜೊತೆ ಹೋಗುವ ಸೋವಿಯತ್ ಮೂಲದ ಕವಚದ ಗಾಡಿ. ಅಹ್ಮದ್‌ನಗರದ ಮೆಕನೈಸ್ಡ್ ಇನ್‌ಫ್ಯಾಂಟ್ರಿ ಕೇಂದ್ರದಲ್ಲಿ ತರಬೇತಿ, ಆಮೇಲೆ ರಾಜಸ್ಥಾನ, ಪಂಜಾಬ್. ಹಾಸನಕ್ಕೆ ರಜೆಗೆ ಬಂದಾಗೆಲ್ಲ ಆ ಗಾಡಿಯದೇ ಮಾತು. ಈಗ ಅವರ ಮಗಳು ಮಾಸ್ಕೋದಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಕಳೆದ ಅಕ್ಟೋಬರ್‌ನಲ್ಲಿ ಅವಳನ್ನು ನೋಡಲು ಹೊರಟಾಗ ನನ್ನನ್ನೂ ಜೊತೆಗೆ ಕರೆದರು. "ಒಂದು ದಿನ ಕುಬಿಂಕಾಕ್ಕೆ ಇಟ್ಕೋ ಕಣೋ. ನಾನು ಓಡಿಸಿದ ಗಾಡಿನ ಮೊದಲು ಎಲ್ಲಿ ಪರೀಕ್ಷೆ ಮಾಡಿದ್ರು ಅಂತ ನೋಡ್ಬೇಕು" ಅಂದರು. ಕುಬಿಂಕಾ ಅಂದರೆ ಮಾಸ್ಕೋ ಹತ್ತಿರದ ಊರು, ಅಲ್ಲಿ ಟ್ಯಾಂಕ್ ಮ್ಯೂಸಿಯಂ ಇದೆ. ಹಾಗೆ ಹೋದ ಪ್ರವಾಸ ಇದು. ಸೋವಿಯತ್ ಸೈನ್ಯದ ವಾಹನಗಳ ಬಗ್ಗೆ ಆಸಕ್ತಿ ಇರುವವರಿಗೆ, ಅದರಲ್ಲೂ ಮಾಸ್ಕೋದಲ್ಲಿ ಮಕ್ಕಳು ಓದುತ್ತಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ವೀಸಾ. 2023ರ ಆಗಸ್ಟ್‌ನಿಂದ ಭಾರತೀಯರಿಗೆ ರಷ್ಯಾದ ಇ-ವೀಸಾ ಸಿಗುತ್ತದೆ. ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. ನಿಮಗೆ ಎಷ್ಟು ದಿನ ಇರಲು ಅವಕಾಶ ಇದೆ, ಯಾವ ವಿಮಾನ ನಿಲ್ದಾಣದಿಂದ ಒಳಗೆ ಬರಬಹುದು ಅನ್ನುವುದನ್ನು ಟಿಕೆಟ್ ತೆಗೆಯುವ ಮೊದಲೇ ಓದಿಕೊಳ್ಳಿ. ಯುದ್ಧ ನಡೆಯುತ್ತಿರುವ ದೇಶ ಅದು. ಹೊರಡುವ ವಾರ ನಮ್ಮ ರಾಯಭಾರ ಕಚೇರಿಯ ಸೂಚನೆಗಳನ್ನು ನೋಡಲೇಬೇಕು.

ಇನ್ನು ದುಡ್ಡು. 2022ರ ಮಾರ್ಚ್‌ನಿಂದ ನಮ್ಮ ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ. ಡಾಲರ್ ಇಲ್ಲವೇ ಯೂರೋ ನೋಟು ತೆಗೆದುಕೊಂಡು ಹೋಗಿ. ಮಡಚಿದ, ಗೀಚಿದ ನೋಟು ಬೇಡ. ಬ್ಯಾಂಕಿನಲ್ಲಿ ರೂಬಲ್‌ಗೆ ಬದಲಾಯಿಸಿ, ಕುಬಿಂಕಾದ ದಿನಕ್ಕೆ ಬೇಕಾದಷ್ಟನ್ನು ಚಿಲ್ಲರೆಯಾಗಿ ಇಟ್ಟುಕೊಳ್ಳಿ. ಟ್ಯಾಕ್ಸಿಗೂ ಅದೇ ಬೇಕು.

ಕುಬಿಂಕಾ ಮಾಸ್ಕೋದ ಪಶ್ಚಿಮಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿದೆ. ಬೆಲೊರುಸ್ಕಿ ರೈಲು ನಿಲ್ದಾಣದಿಂದ ಲೋಕಲ್ ರೈಲು ಹೋಗುತ್ತದೆ. ಆ ರೈಲಿಗೆ ಅಲ್ಲಿನವರು ಎಲೆಕ್ಟ್ರಿಚ್ಕಾ ಅನ್ನುತ್ತಾರೆ. ಇಳಿಯಬೇಕಾದ ನಿಲ್ದಾಣ ಕುಬಿಂಕಾ-1. ಇಲ್ಲಿ ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಟ್ಯಾಂಕ್ ಮ್ಯೂಸಿಯಂ ಎರಡು ಕಡೆ ಇದೆ. ಒಂದು ಹಳೆಯ ಜಾಗ. ಇನ್ನೊಂದು 2015ರಲ್ಲಿ ಶುರುವಾದ ಪೇಟ್ರಿಯಟ್ ಪಾರ್ಕ್. ಎರಡರ ನಡುವೆ ನಡೆದು ಹೋಗುವಷ್ಟು ಹತ್ತಿರ ಇಲ್ಲ. ಟ್ಯಾಕ್ಸಿ ಡ್ರೈವರಿಗೆ ಸುಮ್ನೆ "ಟ್ಯಾಂಕ್ ಮ್ಯೂಸಿಯಂ" ಅಂದೆವು, ಅವನು ಪಾರ್ಕಿನ ಗೇಟಿಗೆ ಬಿಟ್ಟ. ನಮಗೆ ಬೇಕಾದ ಗಾಡಿಗಳು ಇನ್ನೊಂದು ಕಡೆ ಇದ್ದವು. ಎರಡು ಗಂಟೆ ಹೋಯಿತು. ಅಲ್ಲಿನ ವಾಹನಗಳನ್ನು ಆಗಾಗ ಅಲ್ಲಿಂದಿಲ್ಲಿಗೆ ಸಾಗಿಸುತ್ತಾರೆ. ಹಿಂದಿನ ದಿನ ಫೋನ್ ಮಾಡಿ ಬಿಎಂಪಿಗಳು ಯಾವ ಕಡೆ ಇವೆ ಅಂತ ಕೇಳಿ. ರಷ್ಯನ್ ಬಲ್ಲವರ ಕೈಲೇ ಮಾಡಿಸಿ. ರಜೆ ಯಾವ ದಿನ ಅಂತಲೂ ಕೇಳಿಕೊಳ್ಳಿ, ಸೋಮವಾರಕ್ಕಂತೂ ಇಟ್ಟುಕೊಳ್ಳಬೇಡಿ.

ಹೆಚ್ಚಿನವರು ಅಲ್ಲಿಗೆ ಹೋಗುವುದು ಜರ್ಮನಿಯ ಮೌಸ್ ಟ್ಯಾಂಕ್ ನೋಡಲು. 188 ಟನ್ ತೂಕದ ಅದರ ಮುಂದೆ ಫೋಟೋ ತೆಗೆಸಿಕೊಳ್ಳುವವರ ಗುಂಪೇ ಇರುತ್ತದೆ. ನೋಡಿ, ತಪ್ಪಿಲ್ಲ. ಆದರೆ ಹಗುರ ವಾಹನಗಳಿರುವ ಶೆಡ್ಡಿಗೆ ಕನಿಷ್ಠ ಎರಡು ಗಂಟೆ ಉಳಿಸಿಕೊಳ್ಳಿ. ಅಲ್ಲಿ ಜನ ಕಮ್ಮಿ. ಅಲ್ಲಿರುವ ಕಥೆ ಮಾತ್ರ ಬೇರೆಲ್ಲೂ ಸಿಗುವುದಿಲ್ಲ.

ಆ ಕಥೆ ಹೀಗೆ. 1950ರ ದಶಕದ ಕೊನೆಯಲ್ಲಿ ಸೋವಿಯತ್ ಸೇನೆ ಮುಂದಿನ ಯುದ್ಧ ಅಣುಬಾಂಬಿನದು ಅಂತಲೇ ಲೆಕ್ಕ ಹಾಕಿತ್ತು. ಯುರೋಪಿನ ಬಯಲು, ವಿಕಿರಣ ತುಂಬಿದ ಮಣ್ಣು. ಅದರಲ್ಲಿ ಸೈನಿಕ ಇಳಿದು ನಡೆಯುವ ಹಾಗಿಲ್ಲ. ಆಗ ಇದ್ದ ಬಿಟಿಆರ್‌ಗಳು ಸೈನಿಕರನ್ನು ಸಾಗಿಸುವ ಗಾಡಿಗಳು ಅಷ್ಟೇ. ಟ್ಯಾಂಕಿನ ಜೊತೆಗೇ ಓಡಬೇಕು, ನದಿ ಬಂದರೆ ಈಜಬೇಕು, ಒಳಗೆ ಕೂತೇ ಗುಂಡು ಹಾರಿಸಲು ಬರಬೇಕು, ಹೊರಗಿನ ಗಾಳಿ ಸೋಸದೆ ಒಳಗೆ ಬರಬಾರದು. ಇಂಥ ಗಾಡಿ ಬೇಕು ಅಂತ ಕಾರ್ಖಾನೆಗಳಿಗೆ ಹೇಳಿದರು. ಟ್ರ್ಯಾಕ್ (ಟ್ಯಾಂಕಿಗೆ ಇರುವಂಥ ಉಕ್ಕಿನ ಸರಪಳಿ ಪಟ್ಟಿ) ಒಳ್ಳೆಯದೋ ಚಕ್ರ ಒಳ್ಳೆಯದೋ ಅನ್ನುವುದು ಮಾತ್ರ ಯಾರಿಗೂ ಖಚಿತ ಇರಲಿಲ್ಲ. ಒಂದೊಂದು ಕಾರ್ಖಾನೆ ಒಂದೊಂದು ಉತ್ತರ ತಂದಿತು. ಆ ಉತ್ತರಗಳು ಕುಬಿಂಕಾದಲ್ಲಿ ಉಳಿದಿವೆ. ಇಂಥ ಪ್ರಯೋಗದ ಗಾಡಿಗಳಿಗೆ ಒಬ್ಯೆಕ್ಟ್ ಅಂತ ಹೇಳಿ ಒಂದು ಸಂಖ್ಯೆ ಕೊಡುತ್ತಿದ್ದರು.

ಬ್ರ್ಯಾನ್ಸ್ಕ್‌ನಿಂದ ಬಂದ ಒಬ್ಯೆಕ್ಟ್ 1200ಕ್ಕೆ ಎಂಟು ಚಕ್ರ. ವೋಲ್ಗಾಗ್ರಾಡ್‌ನ ಒಬ್ಯೆಕ್ಟ್ 911ರಲ್ಲಿ ಟ್ರ್ಯಾಕ್ ಕೂಡ ಇದೆ, ಚಕ್ರವೂ ಇದೆ. ರಸ್ತೆಯಲ್ಲಿ ಚಕ್ರ ಇಳಿಸಿ, ಕೆಸರಿನಲ್ಲಿ ಎತ್ತಿಕೊಳ್ಳುವುದು. ಆಲ್ಟಾಯ್ ಕಡೆಯ ಒಬ್ಯೆಕ್ಟ್ 19 ಇದಕ್ಕೆ ತಿರುಗುಮುರುಗು. ನಾಲ್ಕು ಚಕ್ರದ ಗಾಡಿ, ಹೊಟ್ಟೆಯ ಕೆಳಗೆ ಇಳಿಸುವ ಪುಟ್ಟ ಟ್ರ್ಯಾಕ್. ಚಿಕ್ಕಪ್ಪ ಅದರ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದರು. "ಇದರ ರಿಪೇರಿ ಯಾರು ಮಾಡ್ಬೇಕು? ಮರಳಲ್ಲಿ ಒಂದು ಟ್ರ್ಯಾಕ್ ಬಿಚ್ಚಿ ಹಾಕೋದ್ರಲ್ಲೇ ನಮಗೆ ಪ್ರಾಣ ಹೋಗ್ತಿತ್ತು" ಅಂದರು. ಎರಡೆರಡು ವ್ಯವಸ್ಥೆ ಅಂದರೆ ತೂಕವೂ ಎರಡು, ಕೆಡುವುದೂ ಎರಡು. ಜೊತೆಗೆ ಒಳಗಿನ ಜಾಗವನ್ನೆಲ್ಲ ಅವೇ ತಿಂದುಬಿಡುತ್ತವೆ.

ವೋಲ್ಗಾಗ್ರಾಡ್‌ನದೇ ಇನ್ನೊಂದು, ಒಬ್ಯೆಕ್ಟ್ 914. ಪಿಟಿ-76 ಅನ್ನುವ ಈಜುವ ಟ್ಯಾಂಕಿನ ವಂಶದ್ದು. ಎಂಜಿನ್ ಹಿಂದೆ. ಹಾಗಾಗಿ ಸೈನಿಕರು ಮೇಲೆ ಹತ್ತಿ, ಎಂಜಿನ್ ದಾಟಿ ಇಳಿಯಬೇಕು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಗೆದ್ದ ಗಾಡಿಯ ಹತ್ತಿರ ಬನ್ನಿ. ಚೆಲ್ಯಾಬಿನ್ಸ್ಕ್‌ನಲ್ಲಿ ಪಾವೆಲ್ ಇಸಕೋವ್ ಅವರ ತಂಡ ಮಾಡಿದ ಒಬ್ಯೆಕ್ಟ್ 765. ಎಂಜಿನನ್ನು ಮುಂದೆ ತಂದರು. ಹಿಂದೆ ಎರಡು ಬಾಗಿಲು ಇಟ್ಟರು. ಅಷ್ಟೇ. ಹಿಂದಿನಿಂದ ಇಳಿದರೆ ಇಡೀ ಗಾಡಿ ನಿಮ್ಮ ಮುಂದೆ ಗೋಡೆಯ ಹಾಗೆ ನಿಲ್ಲುತ್ತದೆ. 1966ರಲ್ಲಿ ಸೇನೆ ಇದನ್ನು ಒಪ್ಪಿಕೊಂಡಿತು. ಕುರ್ಗಾನ್ ಕಾರ್ಖಾನೆಯಲ್ಲಿ ತಯಾರಿಕೆ ಶುರುವಾಯಿತು. 1967ರ ನವೆಂಬರ್ 7ರ ಮಾಸ್ಕೋ ಪೆರೇಡ್‌ನಲ್ಲಿ ಜಗತ್ತು ಇದನ್ನು ನೋಡಿತು. ಅದೇ ಬಿಎಂಪಿ-1.

ಅದರ ಪಕ್ಕ ನಿಂತಾಗ ಮೊದಲು ಅನ್ನಿಸುವುದು, ಎಷ್ಟು ಗಿಡ್ಡ ಅಲ್ವಾ ಅಂತ. ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ ಎತ್ತರ. ತೂಕ 13 ಟನ್, 300 ಅಶ್ವಶಕ್ತಿಯ ಎಂಜಿನ್. ಇಷ್ಟರಲ್ಲಿ ಮೂವರು ಸಿಬ್ಬಂದಿ, ಎಂಟು ಸೈನಿಕರು. ದಯವಿಟ್ಟು ಗಾಡಿಯ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕುಳಿತು ನೋಡಿ. ಹಗ್ಗ ಕಟ್ಟಿರುತ್ತಾರೆ, ಮುಟ್ಟಲು ಬಿಡುವುದಿಲ್ಲ. ಆದರೂ ಬಾಗಿಲಿನ ಅಳತೆ ಗೊತ್ತಾಗುತ್ತದೆ. ಬೆನ್ನಿಗೆ ಸಾಮಾನು, ಕೈಯಲ್ಲಿ ಬಂದೂಕು ಹಿಡಿದು ನಾಲ್ಕು ನಾಲ್ಕು ಜನ ಅಲ್ಲಿಂದ ಬರಬೇಕು. ಒಳಗೆ ಎರಡು ಸಾಲು ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಾರೆ. ನಡುವೆ ಇರುವುದು ಡೀಸೆಲ್ ಟ್ಯಾಂಕು. ಆ ಹಿಂಬಾಗಿಲುಗಳು ಇವೆಯಲ್ಲ, ಅವೂ ಟೊಳ್ಳು. ಅವುಗಳೊಳಗೂ ಡೀಸೆಲ್ಲೇ. "ಬಾಗಿಲ ಎಣ್ಣೆ ಮೊದಲು ಖಾಲಿ ಮಾಡು ಅಂತ ಉಸ್ತಾದ್ ಹೇಳ್ಕೊಡ್ತಿದ್ರು" ಅಂತ ಚಿಕ್ಕಪ್ಪ ಮೆಲ್ಲಗೆ ಹೇಳಿದರು.

ಗಾಡಿಯ ಮೇಲೆ ತಿರುಗುವ ಗನ್ ಗೋಪುರ, ಅಂದರೆ ಟರೆಟ್‌ನ ಮುಂದೆ ಬಂದು ಗನ್ ನೋಡಿ. ಗ್ರೋಮ್ ಅಂತ ಹೆಸರು, ಗುಡುಗು ಅಂತ ಅರ್ಥ. 73 ಮಿಲಿಮೀಟರ್. ಮೇಲೆ ಮಲ್ಯುತ್ಕಾ ಕ್ಷಿಪಣಿ. ಗನ್ನಿಗೆ ಸುಮಾರು 800 ಮೀಟರ್ ದೂರದ ಟ್ಯಾಂಕು, ಕ್ಷಿಪಣಿಗೆ ಅದರಾಚೆಯದು, 3 ಕಿಲೋಮೀಟರ್‌ವರೆಗೆ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಗ್ರೋಮ್‌ನ ಗುಂಡು ರಾಕೆಟ್ಟಿನ ಹಾಗೆ ರೆಕ್ಕೆ ಬಿಚ್ಚಿ ಹೋಗುತ್ತದೆ, ಅಡ್ಡಗಾಳಿ ಬೀಸಿದರೆ ದಾರಿ ತಪ್ಪುತ್ತದೆ. ಟರೆಟ್ಟಿನಲ್ಲಿ ಒಬ್ಬನೇ ಗನ್ನರ್. ಕಮಾಂಡರ್ ಕೂರುವುದು ಕೆಳಗೆ, ಡ್ರೈವರ್ ಬೆನ್ನಿನ ಹಿಂದೆ. ಗನ್ನರ್‌ಗೆ ಕಾಣುವುದು ಅವನಿಗೆ ಕಾಣುವುದಿಲ್ಲ. ಬಲಗಡೆ ನೋಡಲು ಹೋದರೆ ಟರೆಟ್ಟೇ ಅಡ್ಡ.

ಈ ಗಾಡಿಯನ್ನು ಒಂದು ಯುದ್ಧಕ್ಕಾಗಿ ಮಾಡಿದರು. ಆ ಯುದ್ಧ ನಡೆಯಲೇ ಇಲ್ಲ. ನಡೆದದ್ದೆಲ್ಲ ಬೇರೆ. 1973ರ ಅಕ್ಟೋಬರ್‌ನಲ್ಲಿ ಈಜಿಪ್ಟ್, ಸಿರಿಯಾ ಇದನ್ನು ಇಸ್ರೇಲಿನ ಮೇಲೆ ತಂದವು. ಸೂಯೆಜ್ ಕಾಲುವೆಯ ಪಕ್ಕ, ಕಂತಾರಾದ ಉಪ್ಪು ಜೌಗಿನಲ್ಲಿ ಬೇರೆ ಗಾಡಿಗಳು ಹೂತುಕೊಳ್ಳುವ ಕಡೆ ಬಿಎಂಪಿ ದಾಟಿ ಹೋಯಿತು. ಅದರ ಹಗುರ ಮೈ ಅಲ್ಲಿ ಗೆದ್ದಿತು. ಅದೇ ಹಗುರ ಮೈಯನ್ನು ಪಕ್ಕದಿಂದ ಹೆವಿ ಮೆಷಿನ್‌ಗನ್ ತೂತು ಮಾಡಿತು. ಮುಂಭಾಗ ಇಳಿಜಾರು, ಗಟ್ಟಿ. ಪಕ್ಕ ತೆಳು.

ಸೋವಿಯತ್ ಸೇನೆ ಹೋಗಿದ್ದ ಅಫ್ಘಾನಿಸ್ತಾನದಲ್ಲಿ ಇನ್ನೂ ಕಷ್ಟವಾಯಿತು. ಗುಂಡು ಬರುತ್ತಿದ್ದದ್ದು ಗುಡ್ಡದ ನೆತ್ತಿಯಿಂದ. ಗ್ರೋಮ್ ಮೇಲಕ್ಕೆ 30 ಡಿಗ್ರಿಗಿಂತ ಏಳುವುದಿಲ್ಲ. ಕೆಳಗೆ ಮೈನ್. ಚಪ್ಪಟೆ ತಳದ ಗಾಡಿಯಲ್ಲಿ ಸ್ಫೋಟದ ಬಲವೆಲ್ಲ ನೇರ ಒಳಗೆ. ಹಾಗಾಗಿ ಒಳಗೆ ಕೂರಬೇಕಾದ ಸೈನಿಕರು ಮಾಡಿನ ಮೇಲೆ ಕೂತು ಹೋಗತೊಡಗಿದರು. ಆ ಕಾಲದ ಯಾವ ಫೋಟೋ ನೋಡಿದರೂ ಹಾಗೇ ಇದೆ. ವಿಕಿರಣದಿಂದ ಕಾಪಾಡಲು ಅಷ್ಟು ಕಷ್ಟಪಟ್ಟು ಮುಚ್ಚಿದ ಪೆಟ್ಟಿಗೆ ಅದು, ಅದರ ಹೊರಗೇ ಕೂತರೆ ಬದುಕಬಹುದು ಅಂತ ಹುಡುಗರಿಗೆ ಅನ್ನಿಸಿತ್ತು. ಬಿಎಂಪಿ ಅಂದರೆ ರಷ್ಯನ್‌ನಲ್ಲಿ ಕಾಲ್ದಳದ ಯುದ್ಧ ವಾಹನ. ಅದೇ ಮೂರು ಅಕ್ಷರಕ್ಕೆ ಸೈನಿಕರು ಇನ್ನೊಂದು ಅರ್ಥ ಕಟ್ಟಿದ್ದರು, "ಬ್ರಾತ್ಸ್ಕಾಯಾ ಮಗೀಲಾ ಪೆಖೋತಿ". ಕಾಲ್ದಳದವರನ್ನು ಒಟ್ಟಿಗೆ ಮಣ್ಣು ಮಾಡಿದ ಗುಂಡಿ.

ಬಿಎಂಪಿ-2 ನೋಡುವಾಗ ಈ ಕೊರತೆಗಳಲ್ಲಿ ಯಾವುದನ್ನು ಸರಿಮಾಡಿದರು ಅಂತ ಒಂದೊಂದಾಗಿ ಹುಡುಕಬಹುದು. 1980ರಲ್ಲಿ ಸೇನೆಗೆ ಬಂತು. ಟರೆಟ್ ದೊಡ್ಡದಾಯಿತು, ಕಮಾಂಡರ್ ಗನ್ನರ್ ಪಕ್ಕಕ್ಕೆ ಹತ್ತಿ ಕೂತ. 73ರ ಬದಲು 30 ಮಿಲಿಮೀಟರಿನ ಉದ್ದ ಗನ್, 74 ಡಿಗ್ರಿವರೆಗೆ ಏಳುತ್ತದೆ. ಗುಡ್ಡದ ತುದಿಗೂ ಸರಿ, ಹೆಲಿಕಾಪ್ಟರಿಗೂ ಸರಿ. ಮಲ್ಯುತ್ಕಾ ಜಾಗಕ್ಕೆ ಕೊಂಕುರ್ಸ್ ಕ್ಷಿಪಣಿ. ಒಳಗಿನ ಸೈನಿಕರು ಎಂಟರಿಂದ ಏಳಕ್ಕೆ ಇಳಿದರು. ಪಕ್ಕದ ಕವಚ, ಹಿಂದಿನ ಬಾಗಿಲು, ತಳ ಮಾತ್ರ ಹೆಚ್ಚು ಬದಲಾಗಲಿಲ್ಲ. 1995ರ ಹೊಸವರ್ಷದ ಹೊತ್ತಿಗೆ ಚೆಚೆನ್ಯಾದ ಗ್ರೋಜ್ನಿಯ ಬೀದಿಗಳಲ್ಲಿ ರಷ್ಯಾ ಸೇನೆಯ ಮೈಕೋಪ್ ಬ್ರಿಗೇಡ್ ಸಿಕ್ಕಿಕೊಂಡಾಗ ಅದರ ಬೆಲೆ ಕಂಡಿತು. ಈಗ ಉಕ್ರೇನಿನಲ್ಲಿ ಎರಡೂ ಕಡೆಯವರು ಇವೇ ಗಾಡಿಗಳಲ್ಲಿ ಹೋಗಿ ಸಾಯುತ್ತಿದ್ದಾರೆ.

ಬಿಎಂಪಿ-2 ಮುಂದೆ ಚಿಕ್ಕಪ್ಪ ಕೈಕಟ್ಟಿ ನಿಂತರು. ನಮ್ಮಲ್ಲಿ ಇದಕ್ಕೆ ಶರತ್ ಅಂತ ಹೆಸರು. 1987ರಿಂದ ತೆಲಂಗಾಣದ ಮೇದಕ್ ಆರ್ಡ್‌ನೆನ್ಸ್ ಕಾರ್ಖಾನೆಯಲ್ಲಿ ತಯಾರಾಗುತ್ತಿದೆ. ಡ್ರೈವರ್ ಹ್ಯಾಚಿನ ಕಡೆ ಬೆರಳು ಮಾಡಿ, "ಅಲ್ಲಿ ಕೂತ್ರೆ ಬಲಗಡೆ ಎಂಜಿನ್. ಮೇ ತಿಂಗಳ ರಾಜಸ್ಥಾನ. ಬಲಭಾಗ ಬೇಯ್ತಿತ್ತು" ಅಂದರು. ನಾನು ಚಿಕ್ಕವನಿದ್ದಾಗಿನಿಂದ ಅವರ ಬಲತೋಳಿನ ಕಲೆ ನೋಡುತ್ತಿದ್ದೆ. ಅದರ ಬಗ್ಗೆ ಅವತ್ತೂ ಕೇಳಲಿಲ್ಲ.

ಬಿಎಂಪಿ-3ರ ಹತ್ತಿರ ಒಂದು ಕ್ಷಣ ನಿಂತು ಹಿಂಭಾಗ ನೋಡಿ. ಎಂಜಿನ್ ಮತ್ತೆ ಹಿಂದೆ ಹೋಗಿದೆ. ಸೈನಿಕರು ಎಂಜಿನ್ ಮೇಲಿನ ಇಕ್ಕಟ್ಟು ದಾರಿಯಿಂದ ಬಗ್ಗಿ ಹೊರಗೆ ಬರಬೇಕು. 100 ಮತ್ತು 30 ಮಿಲಿಮೀಟರಿನ ಎರಡು ಗನ್ ಇವೆ, ಶಕ್ತಿ ಜಾಸ್ತಿಯಾಗಿದೆ. ಆದರೆ 1960ರ ದಶಕದಲ್ಲಿ ಸೋತಿದ್ದ ಒಬ್ಯೆಕ್ಟ್ 914ರ ಇಳಿಯುವ ತೊಂದರೆ ಇಪ್ಪತ್ತು ವರ್ಷದ ಮೇಲೆ ವಾಪಸ್ ಬಂದಿದೆ. ಸೋತವುಗಳನ್ನು ಮೊದಲು ನೋಡಿ ಅಂತ ನಾನು ಹೇಳಿದ್ದು ಇದಕ್ಕೇ.

ಇನ್ನು ಕೆಲವು ಉಪಯೋಗದ ಮಾತು. ಶೆಡ್‌ಗಳು ಹೊರಗಿಗಿಂತ ತಣ್ಣಗೆ ಇರುತ್ತವೆ. ಅಕ್ಟೋಬರ್‌ನಲ್ಲೇ ನಮಗೆ ಕಾಲು ಮರಗಟ್ಟಿತು. ದಪ್ಪ ಸಾಕ್ಸ್, ಜಾಕೆಟ್ ಬೇಕು. ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಹೋದರೆ ಒಳ್ಳೆಯದು. ಫಲಕಗಳು ಹೆಚ್ಚಾಗಿ ರಷ್ಯನ್‌ನಲ್ಲೇ ಇವೆ. ಫೋನಿನಲ್ಲಿ ಅನುವಾದದ ಆ್ಯಪ್ ಮತ್ತು ಮ್ಯಾಪನ್ನು ನೆಟ್ ಇಲ್ಲದೆಯೂ ನಡೆಯುವ ಹಾಗೆ ಇಳಿಸಿಕೊಳ್ಳಿ. ಸಸ್ಯಾಹಾರಿಗಳು ಅವಲಕ್ಕಿಯೋ ಚಪಾತಿ ಚಟ್ನಿಪುಡಿಯೋ ಕಟ್ಟಿಕೊಂಡು ಹೋಗುವುದೇ ಸರಿ. ಪಾಸ್‌ಪೋರ್ಟ್ ಜೊತೆಗಿರಲಿ. ಕುಬಿಂಕಾದಲ್ಲಿ ವಾಯುನೆಲೆ ಇದೆ, ಸೇನೆಯ ಘಟಕಗಳಿವೆ. ಮ್ಯೂಸಿಯಂ ಬಿಟ್ಟು ಹೊರಗೆ ಯಾವ ಗೇಟಿನ, ಯಾವ ಗಾಡಿಯ ಫೋಟೋವನ್ನೂ ತೆಗೆಯಬೇಡಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ರಷ್ಯಾದಲ್ಲಿ ಕೆಲಸ ಕೊಡಿಸುತ್ತೇವೆ, ಸೆಕ್ಯುರಿಟಿ ಕೆಲಸ, ಸಹಾಯಕನ ಕೆಲಸ ಅಂತ ಯಾರಾದರೂ ಬಂದರೆ ನಂಬಬೇಡಿ. ನಮ್ಮ ಕಲಬುರಗಿ ಕಡೆಯ ಹುಡುಗರು ಹಾಗೇ ಹೋಗಿ ಯುದ್ಧದ ಮುಂಚೂಣಿಯಲ್ಲಿ ಸಿಕ್ಕಿಕೊಂಡಿದ್ದರು. 2024ರ ಸೆಪ್ಟೆಂಬರ್‌ನಲ್ಲಿ ಮನೆಗೆ ಬಂದರು. ಭಾರತದಿಂದ ಹಾಗೆ ಹೋದವರೆಲ್ಲರೂ ವಾಪಸ್ ಬರಲಿಲ್ಲ. ಪ್ರವಾಸಕ್ಕೆ ಹೋದವರು ಗೊತ್ತಿಲ್ಲದ ಭಾಷೆಯ ಯಾವ ಕಾಗದಕ್ಕೂ ಸಹಿ ಹಾಕಬಾರದು.

ಕುಬಿಂಕಾವರೆಗೆ ಹೋಗಲು ಪುರುಸೊತ್ತಿಲ್ಲದವರು ಮಾಸ್ಕೋದೊಳಗೇ ಇರುವ ಸಶಸ್ತ್ರ ಪಡೆಗಳ ಕೇಂದ್ರ ಮ್ಯೂಸಿಯಂ ನೋಡಬಹುದು. ದಾಸ್ತೊಯೆವ್‌ಸ್ಕಯಾ ಮೆಟ್ರೋದಿಂದ ಹತ್ತಿರ. 1960ರಲ್ಲಿ ಹೊಡೆದುರುಳಿಸಿದ ಅಮೆರಿಕದ ಯು-2 ವಿಮಾನದ ಅವಶೇಷ ಅಲ್ಲಿದೆ. ಅಂಗಳದಲ್ಲಿ ಸೇನಾ ವಾಹನಗಳ ಸಾಲು ಇದೆ. ಒಬ್ಯೆಕ್ಟ್‌ಗಳನ್ನು ನೋಡಬೇಕೆಂದರೆ ಮಾತ್ರ ಕುಬಿಂಕಾವೇ ಆಗಬೇಕು.

ವಾಪಸ್ ರೈಲಿನ ಸಮಯವನ್ನು ಬೆಳಿಗ್ಗೆ ಇಳಿದ ಕೂಡಲೇ ನಿಲ್ದಾಣದಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ನಾವು ಸಂಜೆಯ ರೈಲಿಗೆ ಕಾಯುತ್ತಾ ಕೂತಿದ್ದಾಗ ಚಿಕ್ಕಪ್ಪ ತಮ್ಮ ಹಳೆಯ ಪಲ್ಟನ್ನಿನ ವಾಟ್ಸ್ಆ್ಯಪ್ ಗುಂಪಿಗೆ ಒಂದೇ ಒಂದು ಚಿತ್ರ ಕಳಿಸಿದರು. ಮೌಸ್ ಅಲ್ಲ, ಟರೆಟ್ಟೂ ಅಲ್ಲ. ಮುಚ್ಚಿದ್ದ ಆ ಹಿಂಬಾಗಿಲು. ರೈಲು ಬರುವ ಹೊತ್ತಿಗೆ ಜಲಂಧರ್‌ನಿಂದ, ಮಧುರೈನಿಂದ, ಸಾತಾರಾದಿಂದ ಉತ್ತರ ಬರಲು ಶುರುವಾಗಿತ್ತು.