ಅದೊಂದು "ಆದ್ರೂ"

"ನಮ್ಮ ಮಲೆನಾಡಲ್ಲಿ ರೇಸಿಸಂ ಎಲ್ಲಿದೆ ಮಾರಾಯ? ನಿನ್ನೊಳಗೇ ಇದೆ ಅಂತ ನಿಂಗೆ ಹೆಂಗೆ ಗೊತ್ತಾಯ್ತು?" ಮೈಬಣ್ಣ, ಮೂಲ ನೋಡಿ ಜನರನ್ನ ಕೀಳಾಗಿ ಕಾಣೋ ಬುದ್ಧಿ ನನ್ನೊಳಗೂ ಇದೆ ಅಂತ ನಾನು ಹೇಳಿದ್ದಕ್ಕೆ, ಮದುವೆ ಊಟದ ಪಂಕ್ತೀಲಿ, ಅಡಿಕೆ ಮಂಡೀಲಿ, ಎಲ್ಲಿ ಸಿಕ್ಕಿದ್ರೂ ಈ ಪ್ರಶ್ನೆ ಕೇಳ್ತಾರೆ. ಉತ್ತರ ಇಲ್ಲೇ ಬರೆದಿಡ್ತೀನಿ.

ಗೊತ್ತಾಗಿದ್ದು ಬಸ್ಸಲ್ಲಿ. ಸಾಗರದಿಂದ ಶಿರಸಿಗೆ ಹೋಗ್ತಿದ್ದೆ, ಪಕ್ಕದಲ್ಲಿ ಒಬ್ರು ಕೂತ್ರು, ಕಪ್ಪು ಮೈಬಣ್ಣ, ಗುಂಗುರು ಕೂದಲು. ನಾನು ದೊಡ್ಡ ಉಪಕಾರ ಮಾಡೋನ ಥರ "ಭಾಯ್, ಕಹಾಂ ಜಾನಾ ಹೈ?" ಅಂದೆ. ಅವರು ನನ್ನ ಮುಖ ನೋಡಿ, "ಯಲ್ಲಾಪುರಕ್ಕೆ. ನಿಮಗೆ ಕನ್ನಡ ಬರಲ್ವಾ?" ಅಂದ್ರು. ಅಲ್ಲಿಗಾದ್ರೂ ಬಾಯಿ ಮುಚ್ಚಬೇಕಿತ್ತು, ಮುಚ್ಚಲಿಲ್ಲ. "ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ!" ಅಂದೆ. "ನೀವೂ ಪರವಾಗಿಲ್ಲ, ಚೆನ್ನಾಗೇ ಮಾತಾಡ್ತೀರಿ" ಅಂತ ನಕ್ಕು ಕಿಟಕಿ ಕಡೆ ತಿರುಗಿದ್ರು.

ಸಿದ್ದಿ ಜನ ಅವರು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ಬಂದು, ತಪ್ಪಿಸ್ಕೊಂಡು ಘಟ್ಟದ ಕಾಡು ಸೇರಿದವರ ವಂಶ, ಯಲ್ಲಾಪುರ ಹಳಿಯಾಳ ಮುಂಡಗೋಡು ಕಡೆ ನೂರಾರು ವರ್ಷದಿಂದ ಇದ್ದಾರೆ. ಪರಿಶಿಷ್ಟ ಪಂಗಡ ಅಂತ ಆಗಿದ್ದು 2003ರಲ್ಲಿ, ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋಗಿದ್ದು 2020ರಲ್ಲಿ. ನಮ್ಮ ಮುತ್ತಜ್ಜ ಕುಂದಾಪುರ ಕಡೆಯಿಂದ ಹುಲಿಕಲ್ ಘಾಟಿ ಹತ್ತಿ ಬಂದೋರು, ನಾಲ್ಕು ತಲೆಮಾರೂ ದಾಟಿಲ್ಲ. ನನ್ನನ್ನ ಇವತ್ತಿನವರೆಗೆ ಒಬ್ರೂ ಹಿಂದೀಲಿ ಮಾತಾಡಿಸಿಲ್ಲ.

ಆಮೇಲೆ ನನ್ನ ಮಾತನ್ನ ನಾನೇ ಕೇಳಿಸ್ಕೊಳ್ಳೋಕೆ ಶುರು ಮಾಡ್ದೆ. "ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ." "ಬಿಹಾರದವನಾದ್ರೂ ನಿಯತ್ತಿನವನು." "ಆ ಜಾತಿಯವರಾದ್ರೂ ಮನೆ ಎಷ್ಟು ಕ್ಲೀನು." ಅಯ್ಯೋ, ದಿನಕ್ಕೆ ಎಷ್ಟು "ಆದ್ರೂ"! ಹೊಗಳ್ತಿದೀನಿ ಅಂದ್ಕೊಂಡೇ ಅಂದಿದ್ದೆಲ್ಲ. ಮುಖ ತೋರಿಸಿ, ಒಳ್ಳೇ ಪದ ಕೆಟ್ಟ ಪದ ಎಷ್ಟು ಬೇಗ ಜೋಡಿಸ್ತೀರ ಅಂತ ನೋಡಿ ಒಳಗಿನ ಭೇದಭಾವ ಅಳೆಯೋ ಟೆಸ್ಟು 1998ರಲ್ಲೇ ಅಮೆರಿಕದಲ್ಲಿ ಬಂದಿದೆ, ಇವತ್ತು ಒಂದು ನಾಳೆ ಒಂದು ಸ್ಕೋರ್ ಬರತ್ತೆ ಅಂತ ಅದರ ಮೇಲೆ ತಕರಾರೂ ಇದೆ. ಕನ್ನಡದೋರಿಗೆ ಟೆಸ್ಟ್ ಯಾಕೆ, ಈ "ಆದ್ರೂ" ಲೆಕ್ಕ ಹಾಕಿದ್ರೆ ಸಾಕು. ಜಾತಿ ಬೇರೆ ರೇಸ್ ಬೇರೆ ಅಂತೀರಿ, ಒಪ್ಪಿದೆ, ನಂಗೆ ಎರಡನ್ನೂ ಕಲಿಸಿದ್ದು ಮಾತ್ರ ಅದೇ ಮನೆ ಜಗಲಿ.

ಸರಿ, ಗೊತ್ತಾಯ್ತು, ಮುಂದೆ? ಇಲ್ಲೂ ಎಡವಿದೆ. ಅಡಿಕೆ ಸುಲಿಯೋ ಟೈಮಲ್ಲಿ ಅಸ್ಸಾಮಿನ ಹುಡುಗರು ಬರ್ತಾರೆ ನಮ್ಮಲ್ಲಿಗೆ, ನಮ್ಮ ಮಾವ ಅವರಲ್ಲಿ ಒಬ್ಬನನ್ನ "ಏ ಗೂರ್ಖಾ" ಅಂದ್ರು, ನಾನು ಎಲ್ರ ಎದುರಿಗೇ ಮಾವನಿಗೆ ಅರ್ಧ ಗಂಟೆ ಭಾಷಣ ಬಿಗಿದೆ. ಒಳಗೊಳಗೇ ಖುಷೀನೂ ಇತ್ತು, ಸುಳ್ಳು ಯಾಕೆ ಹೇಳ್ಲಿ. ಸಂಜೆ ಆ ಹುಡುಗ ಬಂದು, ನನ್ನ ಹೆಸರಲ್ಲಿ ಜಗಳ ಬೇಡ ಅಣ್ಣ, ನಾಳೆ ಕೆಲಸ ತಪ್ಪಿದ್ರೆ ನಂಗೆ, ನಿಮಗಲ್ಲ ಅಂದ. ಮತ್ತೇನು ಮಾಡ್ಲಿ ಅಂತ ಕೇಳಿದ್ದಕ್ಕೆ ಅವನು ತೋರಿಸಿದ್ದು ನನ್ನ ಲೆಕ್ಕದ ಪುಸ್ತಕ. ಊರಿನೋರಿಗೆಲ್ಲ ಅದರಲ್ಲಿ ಹೆಸರಿತ್ತು, ಇವರು ಮಾತ್ರ "ಅಸ್ಸಾಂ 1, ಅಸ್ಸಾಂ 2". ಸುಲಿದ ಅಡಿಕೆಗೆ ಕೆಜಿ ರೇಟೂ ಊರಿನೋರಿಗಿಂತ ಕಮ್ಮಿ. ಬರೆದಿದ್ದು ನಾನೇ, ಮಾವ ಅಲ್ಲ.

ರೇಟು ಅವತ್ತೇ ಸರಿ ಮಾಡ್ದೆ, ಹೆಸರು ಅವರ ಹತ್ರಾನೇ ಕೇಳಿ ಬರ್ಕೊಂಡೆ. ಮಾವನ ಹತ್ರ ಈಗ ಒಬ್ರೇ ಇದ್ದಾಗ ಮಾತಾಡ್ತೀನಿ, ಕೆಲವು ಸಲ ಕೇಳ್ತಾರೆ, ಕೆಲವು ಸಲ ಎಲೆ ಅಡಿಕೆ ತಟ್ಟೆ ಎಳ್ಕೊಳ್ತಾರೆ. ಕೊಟ್ಟಿಗೆ ಮಾಡಿನ ಸಂದೀಲಿ ಆಳುಗಳಿಗೆ ಅಂತ ಸಿಕ್ಕಿಸಿಡ್ತಿದ್ದ ಸ್ಟೀಲ್ ಲೋಟಗಳು ಅಡುಗೆಮನೆಗೆ ಬಂದಿವೆ. ಅಮ್ಮ ಬೇಡ ಅನ್ನಲಿಲ್ಲ. ಆದ್ರೆ ಅವುಗಳನ್ನ ಇನ್ನೂ ಎರಡು ಸಲ ತೊಳೀತಾರೆ, ನಾನು ನೋಡ್ತಿದೀನಿ ಅಂತ ಗೊತ್ತಾದ್ರೆ ಒಂದು ಸಲ.